ಕೊಳ್ಳೇಗಾಲದ ಸೀಮೆಯೂ ಧೂಮಶಕಟ ಮಾರ್ಗಗಳೂ

ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ಊರುಗಳಿಗೂ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬರಲಿಲ್ಲ, ಇಂದಿಗೂ ಬಂದಿಲ್ಲ. ರೈಲು ಬಾರದ ಸೀಮೆಗೆ ರೈಲಿನ ಚರಿತ್ರೆ ಎಲ್ಲಿಯದೆಂದು ವಾಚಕ ಮಹಾಶಯರು ಕೇಳಬಹುದು. ಮಾರ್ಗವು ಹೋದ ಊರುಗಳಿಂದ ಮಾತ್ರವಲ್ಲದೆ, ಬಿಟ್ಟುಹೋದ ಊರುಗಳಿಂದಲೂ ಕಂಪೆನಿಯ ಸ್ವಭಾವವು ಗೊತ್ತಾಗುವುದರಿಂದ ಈ ವಿಷಯವು ವಿಚಾರಾರ್ಹವಾಗಿದೆ.

ಆಗಿನ ರಾಜ್ಯವಿಭಾಗವನ್ನು ಮೊದಲು ನೆನೆಯಬೇಕು. ಹನೂರನ್ನೊಳಗೊಂಡ ಕೊಳ್ಳೇಗಾಲದ ತಾಲ್ಲೂಕು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದತ್ತವಾದ ಜಹಗೀರು, ಮೈಸೂರು ಸಂಸ್ಥಾನದೊಳಗಿನದು. ನೆರೆಹೊರೆಯ ಊರುಗಳಾದರೂ ಇವು ಎರಡು ಸರಕಾರಗಳ ಲೆಕ್ಕದಲ್ಲಿದ್ದುವು.

ಮದರಾಸು ರೈಲ್ವೆ ಕಂಪೆನಿಯು 1856ರಲ್ಲಿ ಮದರಾಸಿನಿಂದ ಆರ್ಕಾಟಿನ ಕಡೆಗೆ ಮೊದಲ ಬಂಡಿಯನ್ನು ಓಡಿಸಿತು. ಕಂಪೆನಿಯ ಮೂಲಧನಕ್ಕೆ ನೂರಕ್ಕೆ 5ರಂತೆ ಬಡ್ಡಿಯ ಭರವಸೆಯನ್ನು ಸರಕಾರವೇ ಕೊಟ್ಟಿದ್ದಿತು. ಅದರ ಲಕ್ಷ್ಯವು ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ದಾರಿಮಾಡುವುದಾಗಿದ್ದಿತು. ಸೇಲಂ, ಈರೋಡು, ಪೋದನೂರುಗಳನ್ನು ಹಾದು 1862ರಲ್ಲಿ ಅದು ಪಶ್ಚಿಮ ತೀರದ ಬೇಪೂರನ್ನು ಮುಟ್ಟಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರಿನ ದಂಡುಪ್ರದೇಶಕ್ಕೆ ಒಂದು ಶಾಖೆಯು ಬಂದಿತು. ಜಿಲ್ಲೆಯ ಬಯಲಿನಲ್ಲಿ ರೈಲು ಓಡಿತಾದರೂ ಘಟ್ಟದ ಮೇಲಿದ್ದ ಕೊಳ್ಳೇಗಾಲಕ್ಕೆ ಅದರಿಂದ ನೇರವಾದ ಪ್ರಯೋಜನವಾಗಲಿಲ್ಲ.

ಮೈಸೂರಿನ ಕಡೆಯ ಕಥೆ ಬೇರೆ. 1876-78ರ ಭೀಕರ ಕ್ಷಾಮದ ಬೆನ್ನಲ್ಲಿಯೇ ಸಂಸ್ಥಾನವು ಬೆಂಗಳೂರು-ಮೈಸೂರು ಮಾರ್ಗವನ್ನು ಕಟ್ಟಿಸಿತು. 1882ರಲ್ಲಿ ಅದು ಮೈಸೂರನ್ನು ಮುಟ್ಟಿತು. 1886ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪೆನಿಯ ಆಡಳಿತಕ್ಕೆ ಈ ಮಾರ್ಗವನ್ನು ಒಪ್ಪಿಸಲಾಯಿತು. 1891ರಲ್ಲಿ ನಂಜನಗೂಡಿನ ಶಾಖೆಯು ತೆರೆಯಿತು. ಕೊಳ್ಳೇಗಾಲದ ನೆರೆಯ ಶಿವನಸಮುದ್ರದ ಜಲಪಾತಗಳಿಗೆ ಹೋಗುವ ಪ್ರವಾಸಿಗಳು ಮದ್ದೂರಿನಲ್ಲಿಳಿದು ಸುಮಾರು 30 ಮೈಲಿ ರಸ್ತೆಯಲ್ಲಿ ಸಾಗಬೇಕಾಗಿದ್ದಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು: ಬೆಟ್ಟವೂ ನದಿಯೂ ಅಡ್ಡವಾದುದರಿಂದಲೇ ರೈಲು ಬರಲಿಲ್ಲವೆಂಬುದು. ಕೊಯಮತ್ತೂರಿನ ಕಡೆಯಿಂದ ನೋಡಿದರೆ ಇದು ಸಮಂಜಸವೇ ಸರಿ. ಆದರೆ ನಂಜನಗೂಡಿನ ಕಡೆಯಿಂದ ನೋಡಿದರೆ ನಿಲ್ಲದು. 1735ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದ ಸೇತುವೆಯೇ ಅಲ್ಲಿ ಕಪಿಲೆಯ ಮೇಲೆ ರೈಲನ್ನು ಹೊತ್ತಿತು. ಅಲ್ಲಿಂದಾಚೆಗೆ ಚಾಮರಾಜನಗರ, ಯಳಂದೂರುಗಳ ಮಾರ್ಗವಾಗಿ ಕೊಳ್ಳೇಗಾಲಕ್ಕೆ ಬರಲು ಕಾವೇರಿಯನ್ನು ದಾಟಬೇಕಾಗಿಲ್ಲ. ನೆಲವೂ ಬಹುಮಟ್ಟಿಗೆ ಬಯಲು. ಆದುದರಿಂದ ಪ್ರಕೃತಿಯೊಂದನ್ನೇ ಕಾರಣವೆನ್ನುವುದು ಅಸಾಧು. ಮೈಸೂರಿನ ಮಾರ್ಗವು ಕೊಳ್ಳೇಗಾಲಕ್ಕೆ ಬರಬೇಕಾದರೆ ಪರರ ಸೀಮೆಯನ್ನು ಹೊಗಬೇಕಾಗಿದ್ದಿತು. ಮದರಾಸಿನ ಮಾರ್ಗಕ್ಕೆ ಇದು ಘಟ್ಟದ ಮೇಲಿನ ಅಂಚು. ಅದಲ್ಲದೆ ಮದರಾಸಿನ ಹಳಿಗಳ ನಡುವಣ ಅಂತರವು 5 ಅಡಿ 6 ಅಂಗುಲ, ಮೈಸೂರಿನದು ಒಂದು ಮೀಟರು. ಒಂದರ ಬಂಡಿಯು ಇನ್ನೊಂದರ ಮೇಲೆ ಓಡಲಾರದು. ಪ್ರಕೃತಿಯು ಒಂದು ಕಡೆ ತಡೆದರೆ ರಾಜಕೀಯವಾದ ಎಲ್ಲೆಯು ಇನ್ನೊಂದು ಕಡೆ ತಡೆಯಿತೆಂದು ನಮ್ಮ ಅಭಿಪ್ರಾಯ.

ಹಾಗಾದರೆ 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎಲ್ಲೆಯು ಅಳಿಯಿತಷ್ಟೆ, ರೈಲೇಕೆ ಬರಲಿಲ್ಲವೆಂದರೆ, ಆ ವೇಳೆಗೆ ಈ ಸೀಮೆಯ ಸಾಗಾಟವು ಮೋಟಾರು ರಸ್ತೆಗಳನ್ನು ನೆಚ್ಚಿಕೊಂಡಿದ್ದಿತು. ಮೈಸೂರಿನಿಂದ ಬಂದ ಹಳಿಯು ಚಾಮರಾಜನಗರದಲ್ಲಿಯೇ ನಿಂತಿತು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳನ್ನು ಹಾಯುವ ಮಾರ್ಗವೊಂದಕ್ಕೆ 1996-97ರಲ್ಲಿ ಮಂಜೂರಾತಿಯು ದೊರೆತರೂ ಬಂಡಿಯು ಓಡಿಲ್ಲ. ಎಲ್ಲೆಯು ಒಂದು ದಿನದಲ್ಲಿ ಅಳಿಯಬಹುದು. ಅದನ್ನನುಸರಿಸಿ ಬಿದ್ದ ಹಳಿಯ ಜಾಡು ಅಷ್ಟು ಬೇಗ ಅಳಿಯದು.

ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಮೈಸೂರಿನ ದಾಖಲೆಗಳನ್ನು ಮಾತ್ರ ನೋಡಿದರೆ ಕೊಳ್ಳೇಗಾಲವು ಕಾಣದು. ಮದರಾಸಿನವನ್ನು ಮಾತ್ರ ನೋಡಿದರೆ ಯಳಂದೂರು ಕಾಣದು. ಎರಡನ್ನೂ ಜತೆಗಿಟ್ಟು ಓದುವುದೇ ಇಲ್ಲಿ ಯುಕ್ತವಾದ ಕ್ರಮವು.