ಚಿತ್ರವನ್ನೂ ಓದಬೇಕು: ಚರಿತ್ರೆಯ ಹೊಸ ಸಚಿತ್ರ ಗ್ರಂಥಗಳು

ಚಿತ್ರಗಳುಳ್ಳ ಪುಸ್ತಕವೆಂದರೆ ಮಕ್ಕಳ ಪುಸ್ತಕ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಚರಿತ್ರೆಯ ಗ್ರಂಥವೆಂದರೆ ದಪ್ಪ ರಟ್ಟು, ಸಣ್ಣ ಅಕ್ಷರ, ಪುಟಕ್ಕೆ ಅರ್ಧ ಅಡಿಟಿಪ್ಪಣಿ. ನಡುವೆ ಎಲ್ಲೋ ಒಂದು ಮಸುಕಾದ ಕೋಟೆಯ ಚಿತ್ರ, ಕೊನೆಯಲ್ಲಿ ಮಡಿಸಿಟ್ಟ ಒಂದು ನಕ್ಷೆ. ಆ ನಕ್ಷೆಯನ್ನು ಎರಡನೆಯ ಓದುಗನೇ ಹರಿದು ಹಾಕಿರುತ್ತಾನೆ. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಈ ಪದ್ಧತಿ ಬದಲಾಗಿದೆ. ಹಳೆಯ ನಕ್ಷೆಗಳನ್ನೂ ಮಧ್ಯಯುಗದ ಹಸ್ತಪ್ರತಿಗಳನ್ನೂ ಬಣ್ಣದಲ್ಲಿ ಅಚ್ಚುಮಾಡಿ, ಅವುಗಳ ಮೂಲಕವೇ ಕಥೆ ಹೇಳುವ ಗ್ರಂಥಗಳು ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಬಂದಿವೆ. ಜೆರ್ರಿ ಬ್ರಾಟನ್ ಎಂಬ ವಿದ್ವಾಂಸರು 2012ರಲ್ಲಿ ಹನ್ನೆರಡು ನಕ್ಷೆಗಳನ್ನು ಹಿಡಿದು ಲೋಕದ ಚರಿತ್ರೆಯನ್ನು ಬರೆದರು. ಹಸ್ತಪ್ರತಿಗಳ ಪಂಡಿತರಾದ ಕ್ರಿಸ್ಟೋಫರ್ ಡಿ ಹ್ಯಾಮೆಲ್ 2016ರಲ್ಲಿ ಹನ್ನೆರಡು ಕೈಬರಹದ ಪ್ರತಿಗಳನ್ನು, ಮನೆಗೆ ಬಂದ ನೆಂಟರನ್ನು ಪರಿಚಯ ಮಾಡಿಕೊಟ್ಟಂತೆ, ಪರಿಚಯ ಮಾಡಿಸಿದರು. ನಮ್ಮ ದಖ್ಖನಿನ ಸುಲ್ತಾನರ ಕಾಲದ ಚಿತ್ರಗಳ ಬಗ್ಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2015ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಹೊರತಂದಿತು.

ಇವುಗಳ ಬೆಲೆ ನಮ್ಮಂಥವರ ಸಂಬಳಕ್ಕೆ ಹೊಂದುವಂಥದಲ್ಲ. ಆದರೆ ಅವುಗಳಲ್ಲಿನ ಚಿತ್ರಗಳು ಈಗ ಎಲ್ಲರ ಕೈಗೂ ಬರುತ್ತವೆ. ಯಾರೋ ಒಬ್ಬರು ಪುಟದ ಫೋಟೋ ತೆಗೆದು ಫೋನಿನಲ್ಲಿ ಕಳಿಸುತ್ತಾರೆ. ಅದು ಹತ್ತು ಕೈ ದಾಟುವಷ್ಟರಲ್ಲಿ ಕೆಳಗಿದ್ದ ಸಾಲು ಕಳಚಿಹೋಗಿರುತ್ತದೆ, ಚಿತ್ರ ಮಾತ್ರ ಉಳಿದಿರುತ್ತದೆ. ಅದನ್ನು ಹಿಡಿದು ಕೋಣೆಯಲ್ಲಿ, ಆಫೀಸಿನ ಊಟದ ಬಿಡುವಿನಲ್ಲಿ ವಾದ ನಡೆಯುತ್ತದೆ. ಊರಿನಿಂದ ದೂರವಿರುವ ನಾವು ನಮ್ಮ ನಾಡಿನ ಹಿಂದಿನ ಕಥೆಯನ್ನು ಬಹುಮಟ್ಟಿಗೆ ಹೀಗೆ ಬಂದ ಚೂರುಗಳಿಂದಲೇ ಕಟ್ಟಿಕೊಳ್ಳುತ್ತಿದ್ದೇವೆ. ಆದಕಾರಣ ಚಿತ್ರವನ್ನು ಓದುವ ಬಗೆ ಹೇಗೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕೆಂದಿದ್ದೇವೆ.

ದಫ್ತರಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ವಿದ್ಯೆಯೇನಲ್ಲ. ತಾರೀಕಿಲ್ಲದ, ರುಜುವಿಲ್ಲದ ವೋಚರನ್ನು ಯಾವ ಗುಮಾಸ್ತನೂ ಪಾಸು ಮಾಡುವುದಿಲ್ಲ. ನಕಲು ಬಂದರೆ ಅಸಲು ಎಲ್ಲಿದೆ ಎಂದು ಕೇಳುತ್ತಾನೆ. ಚಿತ್ರಕ್ಕೂ ಇದೇ ಪ್ರಶ್ನೆಗಳನ್ನು ಹಾಕಬೇಕು. ಬರೆದವರು ಯಾರು, ಯಾವಾಗ, ಯಾರ ಖರ್ಚಿನಲ್ಲಿ? ಈಗ ನಮ್ಮ ಮುಂದಿರುವುದು ಅಸಲೋ, ನಕಲೋ, ನಕಲಿನ ನಕಲೋ? ಅಸಲು ಈಗ ಎಲ್ಲಿದೆ? ಒಳ್ಳೆಯ ಗ್ರಂಥಗಳಲ್ಲಿ ಇದಕ್ಕೆಲ್ಲ ಚಿತ್ರದ ಕೆಳಗಿನ ಸಣ್ಣ ಸಾಲಿನಲ್ಲೋ ಕೊನೆಯ ಪುಟಗಳ ಪಟ್ಟಿಯಲ್ಲೋ ಉತ್ತರವಿರುತ್ತದೆ.

ಮೊದಲು ನಕ್ಷೆಗಳನ್ನು ನೋಡೋಣ. ಟಾಲೆಮಿಯ ಹೆಸರನ್ನು ಅನೇಕರು ಕೇಳಿರಬಹುದು. ಈತ ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದು ಗ್ರೀಕ್ ಭಾಷೆಯಲ್ಲಿ ಭೂಗೋಳಶಾಸ್ತ್ರವನ್ನು ಬರೆದವನು. ಸುಮಾರು 8,000 ಸ್ಥಳಗಳ ಹೆಸರುಗಳನ್ನು ಅಕ್ಷಾಂಶ ರೇಖಾಂಶಗಳ ಸಮೇತ ಅದರಲ್ಲಿ ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ನಮ್ಮ ಬನವಾಸಿಯೂ ಉಂಟು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಇಲ್ಲಿಯವರೆಗೆ ಸರಿ. ಆದರೆ ಪುಸ್ತಕಗಳಲ್ಲಿ 'ಟಾಲೆಮಿಯ ನಕ್ಷೆ' ಎಂದು ಅಚ್ಚಾಗುವ ಚಿತ್ರವನ್ನು ಟಾಲೆಮಿ ಕಣ್ಣಿನಿಂದಲೂ ಕಂಡವನಲ್ಲ. ಅವನ ಗ್ರಂಥದ ನಕ್ಷೆಸಹಿತವಾದ ಪ್ರತಿಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯವು ಸುಮಾರು 1300ನೆಯ ಇಸವಿಯ ಆಸುಪಾಸಿನವು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಮ್ಯಾಕ್ಸಿಮಸ್ ಪ್ಲಾನುಡೀಸ್ ಎಂಬ ಸನ್ಯಾಸಿ 1295ರ ಸುಮಾರಿಗೆ ಆ ಗ್ರಂಥವನ್ನು ಹುಡುಕಿ ತೆಗೆದು ಅದಕ್ಕೆ ಮರಳಿ ಪ್ರಚಾರ ತಂದನು. ನಾವು ಹೆಚ್ಚಾಗಿ ನೋಡುವ, ಕಡುನೀಲಿ ಸಮುದ್ರವಿರುವ ಚಿತ್ರವಂತೂ ಇನ್ನೂ ಈಚಿನದು. ಜರ್ಮನಿಯ ಉಲ್ಮ್ ನಗರದಲ್ಲಿ 1482ರಲ್ಲಿ ಮರದಚ್ಚಿನಿಂದ ಮುದ್ರಿಸಿದ್ದು. ಟಾಲೆಮಿಗೂ ಅದಕ್ಕೂ ನಡುವೆ ಸಾವಿರದ ಮುನ್ನೂರು ವರ್ಷ! ಊರುಗಳ ಪಟ್ಟಿ ಹಳೆಯದು, ಚಿತ್ರ ಹೊಸದು. ಆ ನಕ್ಷೆಯಲ್ಲಿ ಭಾರತದ ದಕ್ಷಿಣದ ಮೂಲೆಯೇ ಇಲ್ಲವೆನ್ನುವಷ್ಟು ಚಪ್ಪಟೆಯಾಗಿದೆ, ಸಿಂಹಳ ದ್ವೀಪ ಮಾತ್ರ ಭಾರತಕ್ಕೆ ಸರಿಸಮನಾಗಿ ಕೂತಿದೆ. ಹಡಗಿನವರು ಹೇಳಿದ ದಿನಗಳ ಲೆಕ್ಕವನ್ನು ದೂರದ ಲೆಕ್ಕವಾಗಿ ತಿರುಗಿಸಿದರೆ ಇಂಥ ಎಡವಟ್ಟು ಆಗುವುದು ಸಹಜವೇ.

ಅಲ್-ಇದ್ರೀಸಿಯ ನಕ್ಷೆಯ ಕಥೆ ಇದಕ್ಕಿಂತ ವಿಚಿತ್ರವಾದುದು. ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ರೋಜರ್ ಎಂಬ ಕ್ರೈಸ್ತ ರಾಜನ ಆಸ್ಥಾನದಲ್ಲಿದ್ದ ಈ ಮುಸಲ್ಮಾನ ಪಂಡಿತನು 1154ರಲ್ಲಿ ತನ್ನ ಭೂಗೋಳ ಗ್ರಂಥವನ್ನು ಮುಗಿಸಿದನು. ಬೆಳ್ಳಿಯ ದೊಡ್ಡ ತಟ್ಟೆಯ ಮೇಲೆ ಲೋಕವನ್ನು ಕೆತ್ತಿಸಿದ್ದೂ ಉಂಟು. ಅದು ಎಂದೋ ಹಾಳಾಯಿತು. ಗ್ರಂಥದಲ್ಲಿ 70 ಬಿಡಿ ನಕ್ಷೆಗಳಿದ್ದು, ಅವುಗಳಲ್ಲಿ ದಕ್ಷಿಣ ದಿಕ್ಕು ಮೇಲಕ್ಕೆ ಇರುತ್ತದೆ. ಆದರೆ 'ಇದ್ರೀಸಿಯ ನಕ್ಷೆ' ಎಂದು ಎಲ್ಲೆಲ್ಲೂ ಕಾಣುವ ಉದ್ದನೆಯ ಇಡೀ ಲೋಕದ ಚಿತ್ರವು ಅನೇಕ ವೇಳೆ ಕೊನ್ರಾಡ್ ಮಿಲ್ಲರ್ ಎಂಬ ಜರ್ಮನ್ ವಿದ್ವಾಂಸರು ಆ 70 ತುಂಡುಗಳನ್ನು ಜೋಡಿಸಿ, ಅರಬ್ಬೀ ಹೆಸರುಗಳನ್ನು ರೋಮನ್ ಲಿಪಿಗೆ ತಿರುಗಿಸಿ, 1928ರಲ್ಲಿ ಅಚ್ಚುಹಾಕಿಸಿದ್ದು. ಒಳ್ಳೆಯ ಕೆಲಸವೇ, ಸಂದೇಹವಿಲ್ಲ. ಆದರೆ ಅದನ್ನು 12ನೆಯ ಶತಮಾನದ ಚಿತ್ರವೆನ್ನಲು ಬಾರದು. ಗ್ರಂಥಕರ್ತನು ಇದನ್ನು ಹೇಳಿದ್ದಾನೆಯೇ ಇಲ್ಲವೇ ಎಂದು ನೋಡಿದರೆ ಅವನ ಎಚ್ಚರಿಕೆ ಎಷ್ಟೆಂಬುದು ಗೊತ್ತಾಗುತ್ತದೆ.

ಅಸಲು ಸಿಕ್ಕಿತೆಂದ ಮಾತ್ರಕ್ಕೂ ಕೆಲಸ ಮುಗಿಯಲಿಲ್ಲ. ಪಶ್ಚಿಮ ಆಫ್ರಿಕದ ಮಾಲಿ ರಾಜ್ಯದ ದೊರೆ ಮಾನ್ಸಾ ಮೂಸಾ ಚಿನ್ನದ ಗುಂಡನ್ನು ಹಿಡಿದು ಕೂತಿರುವ ಚಿತ್ರವನ್ನು ಹಲವರು ನೋಡಿರುತ್ತೀರಿ. ಅದು 1375ರಲ್ಲಿ ಸ್ಪೇನಿನ ಬಳಿಯ ಮಯೋರ್ಕಾ ದ್ವೀಪದ ಯಹೂದಿ ನಕ್ಷೆಗಾರರು ತೊಗಲಿನ ಮೇಲೆ ಬರೆದ 'ಕ್ಯಾಟಲನ್ ಅಟ್ಲಾಸ್' ಎಂಬ ನಕ್ಷೆಯಲ್ಲಿದೆ. ಅಸಲು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಈ ದೊರೆ ಮೆಕ್ಕಾ ಯಾತ್ರೆಗೆಂದು ಕೈರೋ ನಗರವನ್ನು ಹಾದುಹೋದದ್ದು 1324ರಲ್ಲಿ. ಅಲ್ಲಿ ಅವನು ಹಂಚಿದ ಚಿನ್ನದ ಸುದ್ದಿ ಊರೂರು ತಿರುಗಿ ಮಯೋರ್ಕಾವನ್ನು ಮುಟ್ಟಿತು. ಚಿತ್ರ ಬರೆಯುವ ವೇಳೆಗೆ ದೊರೆ ತೀರಿಹೋಗಿ ದಶಕಗಳೇ ಆಗಿದ್ದವು. ಚಿತ್ರಕಾರನು ತನಗೆ ಗೊತ್ತಿದ್ದ ಯೂರೋಪಿನ ಅರಸರ ಕಿರೀಟವನ್ನೇ ಅವನ ತಲೆಗೂ ಇಟ್ಟನು. ಹಾಗಾದರೆ ಈ ಚಿತ್ರ ಸುಳ್ಳೇ? ಮಾನ್ಸಾ ಮೂಸಾನ ಮುಖದ ಬಗ್ಗೆ ಕೇಳಿದರೆ ಅದು ಏನನ್ನೂ ಹೇಳಲಾರದು. ಸಹಾರಾ ಮರಳುಗಾಡಿನ ಆಚೆಯ ಚಿನ್ನದ ಬಗ್ಗೆ ಮೆಡಿಟರೇನಿಯನ್ ವ್ಯಾಪಾರಿಗಳಿಗೆ ಎಷ್ಟು ಆಸೆಯಿತ್ತೆಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇನ್ನು ನಮ್ಮ ಕಡೆಗೆ ಬರೋಣ. ಪುಣೆಯಲ್ಲಿರುವ ಓದುಗರು ಇದನ್ನು ಗಮನವಿಟ್ಟು ಓದಬೇಕು. ಅಲ್ಲಿಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ 'ತಾರೀಫ್-ಇ-ಹುಸೇನ್ ಶಾಹಿ' ಎಂಬ ಪಾರಸೀ ಕಾವ್ಯದ ಸಚಿತ್ರ ಹಸ್ತಪ್ರತಿಯಿದೆ. ಬರೆದವನು ಆಫ್ತಾಬಿ ಎಂಬ ಕವಿ. ಹೊಗಳಿಸಿಕೊಂಡವನು ಅಹಮದನಗರದ ಹುಸೇನ್ ನಿಜಾಮ ಶಾಹ. ವಿಜಯನಗರದ ರಾಮರಾಯನು ಬಿದ್ದ ಕಾಳಗದ, ನಾವು ತಾಳೀಕೋಟೆ ಅಥವಾ ರಕ್ಕಸಗಿ-ತಂಗಡಗಿ ಎನ್ನುವ 1565ರ ಜನವರಿಯ ಕಾಳಗದ, ಚಿತ್ರಗಳು ಇದರಲ್ಲಿವೆ. ರಾಮರಾಯನ ಶಿರಚ್ಛೇದದ ಚಿತ್ರವೂ ಇದೆ. ಕಾಳಗವಾದ ನಾಲ್ಕೈದು ವರ್ಷಗಳೊಳಗೆ ಬರೆದ ಚಿತ್ರಗಳೆಂಬ ಕಾರಣಕ್ಕೆ ಇವುಗಳ ಬೆಲೆ ಹೆಚ್ಚು. ಹಾಗಿದ್ದರೂ ಕೇಳಬೇಕಾದ ಪ್ರಶ್ನೆ ಉಳಿದೇ ಇದೆ: ಖರ್ಚು ಯಾರದು? ಗೆದ್ದವರದು. ಗೆದ್ದವರಲ್ಲಿಯೂ ಬಿಜಾಪುರ, ಗೋಲ್ಕೊಂಡದವರದಲ್ಲ, ಅಹಮದನಗರದವರದು. ಅದರಲ್ಲಿ ಹುಸೇನ್ ಶಾಹನೇ ದೊಡ್ಡವನಾಗಿ ಕಾಣುವುದರಲ್ಲಿ ಆಶ್ಚರ್ಯವೇನು?

ಈ ಪ್ರತಿಯಲ್ಲಿ ಇನ್ನೊಂದು ಸಂಗತಿಯಿದೆ. ನಮ್ಮನ್ನು ಕೇಳಿದರೆ ಕಾಳಗಕ್ಕಿಂತ ಅದೇ ಹೆಚ್ಚು ಮನಸ್ಸಿಗೆ ನಾಟುತ್ತದೆ. ಚಿತ್ರಗಳಲ್ಲಿ ದೊರೆಯ ಪಕ್ಕದಲ್ಲಿ ಅವನ ರಾಣಿ ಖುಂಜಾ ಹುಮಾಯೂನಳನ್ನು ಕೂರಿಸಿ ಬರೆದಿದ್ದರು. ದಖ್ಖನಿನ ಆ ಕಾಲದ ಚಿತ್ರಗಳಲ್ಲಿ ರಾಣಿಗೆ ಅಂಥ ಸ್ಥಾನ ಅಪರೂಪ. ಕಾಳಗವಾದ ವರ್ಷವೇ ಹುಸೇನ್ ಶಾಹ ತೀರಿಕೊಂಡನು. ಎಳೆಯ ಮಗನ ಹೆಸರಿನಲ್ಲಿ ರಾಣಿ ರಾಜ್ಯವಾಳಿದಳು. 1569ರಲ್ಲಿ ಮಗನ ಪಕ್ಷದವರು ಆಕೆಯನ್ನು ಸೆರೆಹಿಡಿದರು. ಆಮೇಲೆ ಯಾರೋ ಈ ಪುಸ್ತಕವನ್ನು ತೆರೆದು ರಾಣಿಯ ಆಕೃತಿಯ ಮೇಲೆ ಬಣ್ಣ ಬಳಿದು ಅಳಿಸಿದ್ದಾರೆ. ಕೆಲವು ಚಿತ್ರಗಳಲ್ಲಿ ಸಿಂಹಾಸನದ ಮೇಲೆ ದೊರೆಯ ಮಗ್ಗುಲಲ್ಲಿ ಈಗ ಮಸುಕಾದ ಕಲೆ ಮಾತ್ರ ಇದೆ. ಬರಿಯ ಅಕ್ಷರವನ್ನು ಅಚ್ಚುಹಾಕಿದ ಪುಸ್ತಕದಲ್ಲಿ ಈ ಕಲೆ ಬರುವ ಬಗೆಯೇ ಇಲ್ಲ. ಪುಟದ ಫೋಟೋವನ್ನು ಇದ್ದಂತೆಯೇ ಅಚ್ಚುಹಾಕುವ ಹೊಸ ಗ್ರಂಥಗಳಿಂದ ಆಗುವ ದೊಡ್ಡ ಉಪಕಾರ ಇದೇ: ಬರೆದದ್ದು ಮಾತ್ರವಲ್ಲ, ಅಳಿಸಿದ್ದೂ ಕಾಣುತ್ತದೆ.

ಇದೇ ಕಾಳಗದ ನಕ್ಷೆಯ ವಿಷಯವೂ ಹೇಳತಕ್ಕದ್ದು. ತಾಳೀಕೋಟೆ ಊರು ಕೃಷ್ಣಾ ನದಿಗೆ ಬಹಳ ಉತ್ತರದಲ್ಲಿ ಡೋಣಿ ಹೊಳೆಯ ದಂಡೆಯಲ್ಲಿದೆ. ಸುಲ್ತಾನರ ದಂಡು ಅಲ್ಲಿ ಕೂಡಿತು. ಕಾದಾಟವಾದದ್ದು ಕೃಷ್ಣೆಯನ್ನು ದಾಟಿದ ಮೇಲೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಹೆಸರನ್ನಷ್ಟೇ ಓದಿದವರು ತಾಳೀಕೋಟೆಯ ಬಯಲಿನಲ್ಲೇ ಯುದ್ಧವಾಯಿತೆಂದು ತಿಳಿಯುತ್ತಾರೆ. ನದಿ, ಹಾಯುಗಡ, ಊರು ಇವನ್ನು ಗುರುತಿಸಿದ ಒಂದು ಸಣ್ಣ ನಕ್ಷೆಯಿದ್ದರೆ ಹತ್ತು ಪುಟದ ವಿವರಣೆ ಉಳಿಯುತ್ತದೆ. ಈಗಿನ ವಿದ್ವಾಂಸರು ಆಧಾರಗಳನ್ನು ಕೂಡಿಸಿ ಹೊಸದಾಗಿ ಎಳೆದ ಇಂಥ ನಕ್ಷೆಗಳಿಗೆ ಒಳ್ಳೆಯ ಮಾದರಿಗಳು ಎರಡು: ಜೋಸೆಫ್ ಷ್ವಾರ್ಟ್ಸ್‌ಬರ್ಗ್ ಅವರ ದಕ್ಷಿಣ ಏಷ್ಯದ ಐತಿಹಾಸಿಕ ಅಟ್ಲಾಸ್, 1978ರದು, ಇರ್ಫಾನ್ ಹಬೀಬ್ ಅವರ ಮೊಗಲ್ ಸಾಮ್ರಾಜ್ಯದ ಅಟ್ಲಾಸ್, 1982ರದು. ಎರಡರಲ್ಲೂ ನಕ್ಷೆಯ ಜೊತೆಗೆ ಯಾವ ಊರನ್ನು ಯಾವ ಆಧಾರದ ಮೇಲೆ ಗುರುತಿಸಿದೆ ಎಂಬ ಟಿಪ್ಪಣಿಗಳಿವೆ. ಮೊದಲನೆಯದನ್ನು ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕಾಸು ಕೊಡದೆ ನೋಡಬಹುದು. ಇವಕ್ಕೆ ಪ್ರತಿಯಾಗಿ, ಒಂದು ರಾಜವಂಶದ ರಾಜ್ಯವನ್ನು ಒಂದೇ ಬಣ್ಣದಲ್ಲಿ ಅಂಚಿನಿಂದ ಅಂಚಿಗೆ ತುಂಬಿ, ಇಸವಿಯನ್ನೂ ಹಾಕದ ನಕ್ಷೆಗಳು ಫೋನಿನಲ್ಲಿ ಬೇಕಾದಷ್ಟು ಓಡಾಡುತ್ತವೆ. ಇಮ್ಮಡಿ ಪುಲಿಕೇಶಿಯ ರಾಜ್ಯ 630ರಲ್ಲಿ ಇದ್ದಂತೆ 642ರಲ್ಲಿ ಇರಲಿಲ್ಲ. ಇಸವಿಯಿಲ್ಲದ ಗಡಿರೇಖೆ ಜಗಳಕ್ಕೆ ಬರುತ್ತದೆಯೇ ಹೊರತು ಚರಿತ್ರೆಗೆ ಬರುವುದಿಲ್ಲ.

ಕೃಷ್ಣದೇವರಾಯನ ಚಿತ್ರ ನೋಡದ ಕನ್ನಡಿಗನಿಲ್ಲ. ಕ್ಯಾಲೆಂಡರಿನಲ್ಲಿ, ಸಂಘದ ಗೋಡೆಯ ಮೇಲೆ ಕಾಣುವ ಆ ಮುಖ ಈಚಿನ ಚಿತ್ರಕಾರರ ಕಲ್ಪನೆ. ಆಧಾರವೆಂದು ಹೇಳಬಹುದಾದದ್ದು ತಿರುಮಲೆಯ ದೇವಸ್ಥಾನದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಲೋಹದ ಪ್ರತಿಮೆ. ಅದರ ಜೊತೆಗೆ ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಮಾಡಿದ ವರ್ಣನೆ. ಇದರ ಹಸ್ತಪ್ರತಿಯೂ ಪ್ಯಾರಿಸ್ಸಿನಲ್ಲೇ ಸಿಕ್ಕಿತು; ರಾಬರ್ಟ್ ಸೀವೆಲ್ ಅದರ ಇಂಗ್ಲಿಷ್ ಅನುವಾದವನ್ನು 1900ರಲ್ಲಿ ಪ್ರಕಟಿಸಿದರು. ಪಾಯಸ್ ಹೇಳುವಂತೆ ರಾಯನು ಮಧ್ಯಮ ಎತ್ತರದವನು, ಕೆಂಪು ಮೈಬಣ್ಣದವನು, ತುಸು ದಪ್ಪ ಮೈಯವನು. ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. ನಮ್ಮ ಗೋಡೆಯ ಮೇಲಿನ ಯಾವ ಚಿತ್ರದಲ್ಲಿಯೂ ಸಿಡುಬಿನ ಕಲೆಯನ್ನು ನಾವು ಕಂಡಿಲ್ಲ. ಗೋಡೆಯ ಚಿತ್ರವನ್ನು ತೆಗೆದುಹಾಕಬೇಕೆಂದು ನಮ್ಮ ಮಾತಲ್ಲ, ಅದಕ್ಕೂ ಒಂದು ಗೌರವದ ಸ್ಥಾನವಿದೆ. ಆದರೆ ಚರಿತ್ರೆಯ ಪುಸ್ತಕದಲ್ಲಿ ಅದನ್ನು ಹಾಕಿ ಕೆಳಗೆ 'ಕೃಷ್ಣದೇವರಾಯ' ಎಂದಷ್ಟೇ ಬರೆದರೆ ಓದುಗನಿಗೆ ಮೋಸ ಮಾಡಿದಂತೆ. ಕನ್ನಡದ ಜನಪ್ರಿಯ ಪುಸ್ತಕಗಳಲ್ಲಿ ಈ ಚಾಳಿ ಇನ್ನೂ ಉಂಟೆಂದು ವಿಷಾದದಿಂದ ಹೇಳಬೇಕಾಗಿದೆ. ನಮ್ಮಲ್ಲಿ ಸಾಮಗ್ರಿ ಇಲ್ಲವೆಂದಲ್ಲ. ಮೂಡಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥಗಳ ತಾಳೆಗರಿಗಳ ಮೇಲೆ 12ನೆಯ ಶತಮಾನದ ಬಣ್ಣದ ಚಿತ್ರಗಳೇ ಇವೆ. ಗರಿಯ ಮೇಲಿನ ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ. ಇವುಗಳನ್ನು ಬಣ್ಣದಲ್ಲಿ ಮುದ್ರಿಸಿ, ಸಾಮಾನ್ಯನಿಗೆ ತಿಳಿಯುವಂತೆ ಕನ್ನಡದಲ್ಲಿ ವಿವರಿಸಿದ ಅಗ್ಗದ ಬೆಲೆಯ ಪುಸ್ತಕಗಳು ಬರಬೇಕು.

ಅಲ್ಲಿಯವರೆಗೆ, ಪುಸ್ತಕ ಕೊಳ್ಳಲಾಗದವರು ಅಸಲನ್ನೇ ನೋಡುವ ಸೌಕರ್ಯ ಈಗ ಒದಗಿದೆ. ಪ್ಯಾರಿಸ್ಸಿನ ಗ್ರಂಥಾಲಯವು ಕ್ಯಾಟಲನ್ ಅಟ್ಲಾಸಿನ ಹಾಳೆಗಳನ್ನು ತನ್ನ ಜಾಲತಾಣದಲ್ಲಿ ತೆರೆದಿಟ್ಟಿದೆ. ಚಿತ್ರವನ್ನು ಬೇಕಾದಷ್ಟು ಹಿಗ್ಗಿಸಿ ನೋಡಬಹುದು. ಭಾರತವು ಅದರಲ್ಲಿ ಟಾಲೆಮಿಯ ನಕ್ಷೆಯಂತೆ ಚಪ್ಪಟೆಯಾಗಿರದೆ ಸಮುದ್ರಕ್ಕೆ ಚಾಚಿಕೊಂಡಿರುವುದನ್ನು ಗಮನಿಸಿರಿ. ದೆಹಲಿಯ ಸುಲ್ತಾನನೂ ಒಂದು ಆನೆಯೂ ಅಲ್ಲಿದ್ದಾರೆ. ಉತ್ತರದ ಕಡೆ ಒಂಟೆಗಳ ಸಾಲೊಂದು ತಲೆಕೆಳಗಾಗಿ ನಡೆಯುತ್ತಿರುವಂತೆ ಕಂಡರೆ ಫೋನು ಕೆಟ್ಟಿದೆಯೆಂದು ತಿಳಿಯಬೇಡಿರಿ. ಮೇಜಿನ ಮೇಲೆ ಹರಡಿ, ಸುತ್ತಲೂ ನಡೆದು ನೋಡಲೆಂದು ಬರೆದ ನಕ್ಷೆ ಅದು. ಫೋನನ್ನು ತಿರುಗಿಸಿ ಹಿಡಿದರೆ ಒಂಟೆಗಳು ನೆಟ್ಟಗೆ ನಿಲ್ಲುತ್ತವೆ.