ಊರಂಚಿನ ಹೊಗೆ

ಬೆಂಗಳೂರಿನ ಸಂಜಯನಗರವು ಇಂದು ಮನೆಗಳೂ ಅಂಗಡಿಮುಂಗಟ್ಟುಗಳೂ ಒತ್ತೊತ್ತಾಗಿ ನಿಂತ ಬಡಾವಣೆಯಾಗಿದ್ದರೂ, ಅದರ ಆಸುಪಾಸಿನ ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿಗಳು ಕೆಲವು ದಶಕಗಳ ಹಿಂದಿನವರೆಗೂ ರಾಗಿ ಬೆಳೆಯುತ್ತಿದ್ದ ಹಳ್ಳಿಗಳೇ ಆಗಿದ್ದುವು. ಅಂಥ ಹಳ್ಳಿಗಳಲ್ಲಿ ಪ್ರತಿಯೊಂದು ಒಕ್ಕಲು ಮನೆಗೂ ಒಂದು ತಿಪ್ಪೆಯಿರುತ್ತಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ದನ ತಿಂದುಳಿಸಿದ ಹುಲ್ಲು, ಅಂಗಳ ಗುಡಿಸಿ ತೆಗೆದ ತರಗು ಇವೆಲ್ಲವೂ ವರ್ಷವಿಡೀ ಅಲ್ಲಿ ಸೇರಿ ಕೊಳೆತು, ಮುಂಗಾರಿಗೆ ಮುನ್ನ ಗಾಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ಹೊಂಗೆಯ ಸೊಪ್ಪನ್ನಂತೂ ರೈತರು ಮರ ಹತ್ತಿ ಕಡಿದು ತಂದು ಗೊಬ್ಬರಕ್ಕೆ ಹಾಕುತ್ತಿದ್ದರು. ತನ್ನ ತಿಪ್ಪೆಗೆ ತಾನೇ ಬೆಂಕಿಯಿಡುವಷ್ಟು ಅವಿವೇಕಿಯಾದ ಒಕ್ಕಲಿಗನು ಆ ಕಾಲದಲ್ಲಿ ಎಲ್ಲಿಯೂ ಇದ್ದಿರಲಾರನು.

ಇಂದು ಅದೇ ನೆಲದಲ್ಲಿ, ಮಾಗಿಯ ಚಳಿ ಮುಗಿಯುವ ಹೊತ್ತಿಗೆ ರಸ್ತೆಯ ಹೊಂಗೆಮರಗಳು ಎಲೆಯುದುರಿಸತೊಡಗಿದರೆ, ಗುಡಿಸಿ ಒಟ್ಟಿದ ತರಗೆಲೆಯ ರಾಶಿಗಳು ಬೀದಿಯ ಮೂಲೆಗಳಲ್ಲಿಯೂ ಖಾಲಿ ನಿವೇಶನಗಳಲ್ಲಿಯೂ ಬೆಳಗಿನ ಜಾವಕ್ಕೇ ಹೊಗೆಯಾಡುತ್ತಿರುವುದನ್ನು ಕಾಣುತ್ತೇವೆ. ಬರಿಯ ಎಲೆಯಾಗಿದ್ದರೆ ಕೇಡು ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಆ ರಾಶಿಯೊಳಗೆ ಹಾಲಿನ ಕವರು, ಗುಟ್ಕಾ ಚೀಟಿ, ಥರ್ಮಾಕೋಲ್ ತುಂಡು, ಹರಿದ ಚಪ್ಪಲಿ, ತಂತಿಯ ಚೂರು ಎಲ್ಲವೂ ಬೆರೆತಿರುತ್ತವೆ. ಯಲಹಂಕವನ್ನು ದಾಟಿ ಹಳ್ಳಿಗಳ ಕಡೆಗೆ ಹೋದಂತೆಲ್ಲ ಈ ರಾಶಿಗಳು ದೊಡ್ಡವಾಗುತ್ತವೆ: ಕೆರೆಯಂಗಳದಲ್ಲಿ, ಹೆದ್ದಾರಿಯ ಬದಿಯಲ್ಲಿ, ಕೈಬಿಟ್ಟ ಕಲ್ಲುಕ್ವಾರಿಯ ಅಂಚಿನಲ್ಲಿ, ರಾತ್ರಿ ಯಾವುದೋ ವಾಹನ ಬಂದು ಸುರಿದುಹೋದ ಕಸವು ಹಗಲಾಗುವುದರೊಳಗೆ ಉರಿಯುತ್ತಿರುತ್ತದೆ.

ಬೆಂಕಿಯಿಟ್ಟರೆ ಕಸ ಇಲ್ಲವಾಗುತ್ತದೆಂಬ ನಂಬಿಕೆಯೇ ಈ ಅನರ್ಥಕ್ಕೆಲ್ಲ ಮೂಲ. ಕಣ್ಣಿಗೆ ರಾಶಿ ಕರಗುವುದೇನೋ ನಿಜ. ಆದರೆ ಅದರಲ್ಲಿದ್ದ ದ್ರವ್ಯವು ನೆಲವನ್ನು ಬಿಟ್ಟು ಗಾಳಿಗೆ ಸೇರಿತೇ ಹೊರತು ನಾಶವಾಗಲಿಲ್ಲ. ಶಾಸ್ತ್ರೀಯವಾಗಿ ನಿರ್ಮಿಸಿದ ದಹನಕುಲುಮೆಯಲ್ಲಿ 850 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಉಷ್ಣತೆಯನ್ನು ಕಾಯ್ದುಕೊಂಡು, ಹೊರಬರುವ ಅನಿಲವನ್ನು ಸೋಸಿ ಬಿಡಬೇಕೆಂಬ ನಿಯಮವುಂಟು. ಬೀದಿಬದಿಯ ರಾಶಿಯಾದರೋ ತೇವದಿಂದ ಕೂಡಿದ್ದು, ಗಾಳಿಯಾಡದೆ, ಅತ್ಯಲ್ಪ ಶಾಖದಲ್ಲಿ ಹೊಗೆಯುತ್ತ ಗಂಟೆಗಟ್ಟಲೆ ಬೇಯುತ್ತದೆ. ಈ ಅರೆಸುಡುವಿಕೆಯಿಂದ ಕಾರ್ಬನ್ ಮಾನಾಕ್ಸೈಡೂ ಮಸಿಯೂ ಹುಟ್ಟುವುದಲ್ಲದೆ, ಕ್ಲೋರಿನ್ ಅಂಶವುಳ್ಳ ಪಿವಿಸಿಯಂಥ ಪ್ಲಾಸ್ಟಿಕ್ ಅದರಲ್ಲಿದ್ದ ಪಕ್ಷದಲ್ಲಿ ಡೈಯಾಕ್ಸಿನ್, ಫ್ಯೂರಾನ್ ಎಂಬ ಅತ್ಯುಗ್ರವಾದ ವಿಷಗಳೂ ಉತ್ಪನ್ನವಾಗುತ್ತವೆ. ಇವು ಸುಲಭವಾಗಿ ಒಡೆಯದೆ ಮಣ್ಣಿನಲ್ಲಿಯೂ ಹುಲ್ಲಿನ ಮೇಲೂ ಕುಳಿತು, ಮೇಯುವ ಹಸುವಿನ ಕೊಬ್ಬಿಗೆ ಸೇರಿ, ಹಾಲಿನ ಮೂಲಕ ಮನುಷ್ಯನನ್ನು ಮುಟ್ಟುತ್ತವೆ. ಇಂಥ ವಿಷಗಳನ್ನು ತಡೆಯಲೆಂದು 2001ರಲ್ಲಿ ಸ್ಟಾಕ್‌ಹೋಮಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಬಯಲಿನಲ್ಲಿ ಕಸ ಸುಡುವುದನ್ನೇ ಅವುಗಳ ಉಗಮಸ್ಥಾನಗಳಲ್ಲೊಂದೆಂದು ಹೆಸರಿಸಿದೆ. ಭಾರತವು ಅದನ್ನು 2006ರಲ್ಲಿ ಅನುಮೋದಿಸಿತು.

ಇನ್ನು ಹೊಗೆಯೊಳಗಿನ ಸೂಕ್ಷ್ಮ ಕಣಗಳ ಮಾತು. 2.5 ಮೈಕ್ರಾನಿಗಿಂತ ಕಿರಿದಾದ, ಎಂದರೆ ಕೂದಲೆಳೆಯ ದಪ್ಪದ ಸುಮಾರು ಇಪ್ಪತ್ತೈದರಲ್ಲಿ ಒಂದು ಭಾಗದಷ್ಟಿರುವ ಈ ಕಣಗಳನ್ನು ಮೂಗಿನ ರೋಮವಾಗಲಿ ಗಂಟಲಿನ ಲೋಳೆಯಾಗಲಿ ತಡೆಯಲಾರವು. ಅವು ಶ್ವಾಸಕೋಶದ ತುದಿಯನ್ನು ಮುಟ್ಟಿ ರಕ್ತವನ್ನೂ ಸೇರಬಲ್ಲವಾದ್ದರಿಂದ ಉಬ್ಬಸ ಮಾತ್ರವೇ ಅಲ್ಲ, ಹೃದ್ರೋಗ, ಪಾರ್ಶ್ವವಾಯುಗಳಿಗೂ ಕಾರಣವಾಗುತ್ತವೆ. ಘನಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿತು. ನಮ್ಮ ದೇಶದಲ್ಲಿ 2009ರಲ್ಲಿ ನಿಗದಿಯಾದ ಮಿತಿ 40. ಸಂಜಯನಗರಕ್ಕೆ ಸಮೀಪದ ಹೆಬ್ಬಾಳದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನಕೇಂದ್ರವೊಂದು ಗಾಳಿಯ ಗುಣವನ್ನು ನಿರಂತರವಾಗಿ ಅಳೆಯುತ್ತಿರುತ್ತದೆ. ಆದರೆ ನಿಮ್ಮ ಮನೆಯ ಕಿಟಕಿಯ ಕೆಳಗೆ ಉರಿಯುವ ರಾಶಿಯ ಹೊಗೆ ಅಂಥ ಕೇಂದ್ರದ ಲೆಕ್ಕಕ್ಕೆ ಬಹುಮಟ್ಟಿಗೆ ಸಿಕ್ಕದು. ಅದನ್ನು ಅಳೆಯುವುದು ಆ ಮನೆಯ ಮಗುವಿನ ಎದೆಯೇ. ಚಳಿಗಾಲದಲ್ಲಿ ನೆಲಕ್ಕೆ ತಾಗಿದ ತಂಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕವಿದು, ಬಿಸಿಲೇರುವವರೆಗೂ ಹೊಗೆಯನ್ನು ಮೇಲಕ್ಕೆ ಬಿಡುವುದಿಲ್ಲ. ಜನ ನಡೆದಾಡಲು ಹೊರಡುವ ಹೊತ್ತೂ, ಮಕ್ಕಳು ಶಾಲೆಯ ವಾಹನಕ್ಕೆ ಕಾಯುವ ಹೊತ್ತೂ, ರಾಶಿಗೆ ಬೆಂಕಿ ಬೀಳುವ ಹೊತ್ತೂ ಒಂದೇ ಆಗಿರುವುದು ದುರ್ದೈವ.

ನಗರದವರು ತಮ್ಮ ಕಷ್ಟವನ್ನು ಹೇಳಿಕೊಳ್ಳುವ ಮೊದಲು ಉತ್ತರದ ಹಳ್ಳಿಗಳು ಪಟ್ಟ ಕಷ್ಟವನ್ನು ನೆನೆಯುವುದು ನ್ಯಾಯ. ಯಲಹಂಕದಾಚೆ, ಹೆಸರಘಟ್ಟ ಹೋಬಳಿಯಲ್ಲಿ, ಅರ್ಕಾವತಿಯ ಜಲಾನಯನದೊಳಗಿರುವ ಮಾವಳ್ಳಿಪುರವೆಂಬ ಹಳ್ಳಿಗೆ ಬೆಂಗಳೂರಿನ ಕಸದ ಲಾರಿಗಳು ವರ್ಷಾನುವರ್ಷ ಬಂದು ಸುರಿದುವು. ದುರ್ಗಂಧವನ್ನೂ ನೊಣಗಳನ್ನೂ ಕಸದಿಂದ ಸೋರಿ ಬಾವಿಗಿಳಿದ ಕಪ್ಪುನೀರನ್ನೂ ಸಹಿಸಿ ಸಹಿಸಿ ಸಾಕಾದ ಗ್ರಾಮಸ್ಥರ ಪ್ರತಿಭಟನೆಯ ಫಲವಾಗಿ 2012ರಲ್ಲಿ ಆ ಸುರಿದಾಣವು ಮುಚ್ಚಿತು. ಮುಚ್ಚಿದ ಕೆಲವೇ ದಿನಗಳಲ್ಲಿ ರಾಜಧಾನಿಯ ಬೀದಿಗಳಲ್ಲೆಲ್ಲ ಕಸದ ಗುಡ್ಡೆಗಳೆದ್ದುವು. ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ಕಟ್ಟಳೆ ಹೊರಟದ್ದು ಅದೇ ವರ್ಷದಲ್ಲಿ. ಅಷ್ಟರಲ್ಲಿ ಕಸದ ಭಾರವು ಮಂಡೂರೆಂಬ ಇನ್ನೊಂದು ಹಳ್ಳಿಯ ಮೇಲೆ ಬಿದ್ದಿತ್ತು. ಅಲ್ಲಿಯ ಜನರೂ 2014ರಲ್ಲಿ ಲಾರಿಗಳನ್ನು ತಡೆದು ನಿಂತರು. ಆ ವರ್ಷದ ಡಿಸೆಂಬರಿಗೆ ಅಲ್ಲಿಯ ಸುರಿತವೂ ನಿಂತಿತು. ಆಮೇಲೆ ಬೆಳ್ಳಹಳ್ಳಿಯ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳು. ದೊಡ್ಡಬಳ್ಳಾಪುರದ ಕಡೆಯ ಕಸದ ಘಟಕಗಳು. ಪ್ರತಿಯೊಂದು ಹಳ್ಳಿಯೂ ತನ್ನ ಸರದಿ ಬಂದಾಗ ಬೇಡವೆಂದು ಕೂಗಿತು. ಅವರ ಕೂಗು ಸ್ವಾರ್ಥದ್ದೆಂದು ನಗರದಲ್ಲಿ ಕುಳಿತು ಹೇಳುವುದು ಸರಿಯಲ್ಲ.

ಇಂಥ ರಾಶಿಗಳಿಗೆ ಬೆಂಕಿ ತಗಲುವುದಕ್ಕೆ ಯಾರೂ ಕಡ್ಡಿ ಗೀರಬೇಕಾದ ಅಗತ್ಯವೂ ಇಲ್ಲ. ಹಸಿಕಸವು ಗಾಳಿಯಿಲ್ಲದ ಆಳದಲ್ಲಿ ಕೊಳೆಯುವಾಗ ಮೀಥೇನ್ ಅನಿಲವು ಹುಟ್ಟುತ್ತದೆ. ರಾಶಿಯೊಳಗೆ ಏರಿದ ಕಾವಿಗೆ ಅದು ಹೊತ್ತಿಕೊಂಡರೆ ಸುತ್ತಲಿನ ಪ್ಲಾಸ್ಟಿಕ್ ಇಂಧನವಾಗುತ್ತದೆ. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ಅಂಗಳಕ್ಕೆ ಬಿದ್ದ ಬೆಂಕಿಯನ್ನು ಪೂರ್ಣವಾಗಿ ಆರಿಸಲು ಹನ್ನೆರಡು ದಿನಗಳ ಕಾಲ ಅಗ್ನಿಶಾಮಕರು ಹೋರಾಡಬೇಕಾಯಿತು; ಶಾಲೆಗಳಿಗೆ ರಜೆ ಕೊಡಬೇಕಾಯಿತು. ಹಸಿಯನ್ನೂ ಒಣಗಿದ್ದನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಡುವ ಪ್ರತಿಯೊಂದು ಮನೆಯೂ ಇಂಥ ಬೆಂಕಿಗೆ ತನ್ನ ಪಾಲಿನ ಸೌದೆಯನ್ನು ಸಲ್ಲಿಸುತ್ತಿದೆ.

ಕಡ್ಡಿ ಗೀರುವವರು ಯಾರೆಂದು ವಿಚಾರಿಸಿದರೆ ಹಲವರು ಕಾಣುತ್ತಾರೆ. ಗುಡಿಸಿದ ರಾಶಿಯನ್ನು ಒಯ್ಯಲು ಗಾಡಿ ಬಾರದೆ, ರಾಶಿ ಉಳಿದರೆ ಮೇಸ್ತ್ರಿಯಿಂದ ಬೈಗುಳವೆಂಬ ಭಯದಿಂದ ಬೆಂಕಿಯಿಡುವ ಪೌರಕಾರ್ಮಿಕರುಂಟು. ಕೇಬಲ್ಲಿನ ಹೊದಿಕೆ ಸುಟ್ಟು ತಾಮ್ರ ತೆಗೆದು ಗುಜರಿಗೆ ಮಾರಿ ಹೊಟ್ಟೆ ಹೊರೆಯುವ ಬಡವರುಂಟು. ಸಾಗಣೆಯ ಖರ್ಚುಳಿಸಲು ಊರ ಹೊರಗೆ ಸುರಿದು ಸುಡಿಸುವ ವರ್ತಕರೂ ಗುತ್ತಿಗೆದಾರರೂ ಉಂಟು. ಕಸದ ಗಾಡಿಯೇ ಬಾರದ ಹಳ್ಳಿಯಲ್ಲಿ ಮನೆಯ ಹಿಂದೆ ಪ್ಲಾಸ್ಟಿಕ್ ಸುಡುವ ಗೃಹಿಣಿಗೆ ಬೇರೆ ದಾರಿಯನ್ನು ತೋರಿಸಿದವರಿಲ್ಲ. ಇವರೆಲ್ಲರನ್ನೂ ಒಂದೇ ಅಪರಾಧದ ಕಟ್ಟಿನಲ್ಲಿ ಕಟ್ಟತಕ್ಕದ್ದಲ್ಲ. ಲಾಭಕ್ಕಾಗಿ ಲೋಡುಗಟ್ಟಲೆ ಸುಡಿಸುವವನ ಮೇಲೆ ದಂಡದ ಪೂರ್ಣಭಾರ ಬೀಳಬೇಕು. ಮಿಕ್ಕವರಿಗೆ ಸುಡದೆ ಇರಲು ಅನುಕೂಲವನ್ನು ಮಾಡಿಕೊಟ್ಟ ಮೇಲಷ್ಟೇ ದಂಡದ ಮಾತು ಸಲ್ಲುತ್ತದೆ.

ಕಾನೂನಿನ ಕೊರತೆಯಂತೂ ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಎಂಜಿನಿಯರ್ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕ ಪರಿಣಾಮವಾಗಿ 2000ದಲ್ಲಿ ದೇಶದ ಮೊದಲ ನಗರತ್ಯಾಜ್ಯ ನಿಯಮಗಳು ಬಂದುವು. 2016ರಲ್ಲಿ ಹೊರಟ ನಿಯಮಗಳು ಕಸವನ್ನು ಬೀದಿಯಲ್ಲಿ ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿದುವು. ಅಲ್ಮಿತ್ರಾ ಪಟೇಲರ ಅದೇ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ, ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ತೆರತಕ್ಕದ್ದೆಂದು ವಿಧಿಸಿತು. ಹಳ್ಳಿಗನಿಗೂ ಒಂದು ಹಳೆಯ, ಬಲವಾದ ಆಯುಧವಿದೆ: ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಆಜ್ಞೆ ಮಾಡುವ ಅಧಿಕಾರ ಉಪವಿಭಾಗದ ದಂಡಾಧಿಕಾರಿಗಳಿಗುಂಟು. ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಾಗಿದ್ದ ಇದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯದು. ಮಧ್ಯಪ್ರದೇಶದ ರತ್ಲಾಮ್ ಎಂಬ ಊರಿನ ನಿವಾಸಿಗಳು ಚರಂಡಿಯ ನರಕದಿಂದ ಪಾರಾಗಲು ಹಿಡಿದದ್ದು ಈ ಕಲಮನ್ನೇ. ಹಣವಿಲ್ಲವೆಂಬ ನೆಪದಿಂದ ಪುರಸಭೆಯು ಊರನ್ನು ಶುಚಿಯಾಗಿಡುವ ಕರ್ತವ್ಯದಿಂದ ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲಿ ತೀರ್ಮಾನಿಸಿತು.

ಇಷ್ಟಿದ್ದರೂ ಬೆಂಕಿ ಆರದಿರುವುದಕ್ಕೆ, ಎಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಬೀದಿಬೀದಿಯಲ್ಲಿ ಉತ್ತರವಿಲ್ಲದಿರುವುದೇ ಕಾರಣವೆಂದು ನನಗೆ ತೋರುತ್ತದೆ. ಆ ಉತ್ತರವು ಹುಟ್ಟಿದ್ದಾದರೋ ಸಂಜಯನಗರಕ್ಕೆ ಹತ್ತಿರದಲ್ಲಿಯೇ. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯ ಅವರು 1939ರ ಸುಮಾರಿಗೆ ಊರಿನ ಕಸವನ್ನು ಗೊಬ್ಬರವಾಗಿಸುವ ಪದ್ಧತಿಯೊಂದನ್ನು ರೂಪಿಸಿದರು. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಬಳಕೆಗೆ ತಂದ ವಿಧಾನದಲ್ಲಿ ರಾಶಿಯನ್ನು ಆಗಾಗ ತಿರುವಿ ನೀರು ಹಾಕಬೇಕಾಗಿತ್ತು. ಆಚಾರ್ಯರದರಲ್ಲಿ ಆ ದುಡಿಮೆ ಬೇಡ. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಅಥವಾ ಸಗಣಿಯನ್ನೂ ಪದರ ಪದರವಾಗಿ ಹರವಿ, ಮೇಲೆ ಕೆಸರುಮಣ್ಣನ್ನು ಮೆತ್ತಿ ಬಿಟ್ಟರೆ, ಕೆಲವು ದಿನ ಒಳಗೆ ಕಾವು ಏರಿ, ಆಮೇಲೆ ನಿಧಾನವಾಗಿ ಕೊಳೆತು, ಎಂಟೊಂಬತ್ತು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಕೃಷಿಶಾಸ್ತ್ರದ ಗ್ರಂಥಗಳು ಪ್ರಪಂಚದಾದ್ಯಂತ ಇದನ್ನು ‘ಬೆಂಗಳೂರು ಪದ್ಧತಿ’ ಎಂದೇ ಕರೆಯುತ್ತವೆ. ಊರ ಹೆಸರನ್ನು ಹೊತ್ತ ಈ ವಿದ್ಯೆಯನ್ನು ಊರೇ ಮರೆತು ತರಗೆಲೆಗೆ ಬೆಂಕಿಯಿಡುತ್ತಿರುವುದು ನನಗೆ ಬಹಳ ನೋವಿನ ಸಂಗತಿ. ಬರಿಯ ಎಲೆಗೆ ಇಷ್ಟು ವಿಧಿಯೂ ಬೇಕಿಲ್ಲ: ಉದ್ಯಾನದ ಮೂಲೆಯಲ್ಲಿ ತಂತಿಜಾಲರಿಯ ಗೂಡೊಂದರೊಳಗೆ ತುಂಬಿ, ಸಗಣಿನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಸಾಕು.

ಹಳ್ಳಿಗಳಲ್ಲಿ ಇದು ಸಾಧ್ಯವೇ ಎಂದು ಶಂಕಿಸುವವರಿಗೆ ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯತಿಯನ್ನು ತೋರಿಸಬಹುದು. ಅಲ್ಲಿ ಮನೆಮನೆಯ ಕಸವನ್ನು ಸಂಗ್ರಹಿಸಿ ವಿಂಗಡಿಸಿ ಮಾರುವ ವ್ಯವಸ್ಥೆಯನ್ನು ಕಟ್ಟಿ ಹೆಸರಾಗಿದ್ದಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವಾರು ಪಂಚಾಯತಿಗಳ ಒಣಕಸವನ್ನು ಒಂದೆಡೆ ತಂದು ಬೇರ್ಪಡಿಸುವ ಘಟಕವಿದೆ. ರಾಜ್ಯದ ಅನೇಕ ಗ್ರಾಮಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ‘ಸ್ವಚ್ಛ ವಾಹಿನಿ’ ಎಂಬ ಕಸದ ಗಾಡಿಗಳನ್ನು ತಾವೇ ಓಡಿಸಿಕೊಂಡು ಮನೆಬಾಗಿಲಿಗೆ ಬರುತ್ತಿದ್ದಾರೆ. ಗಾಡಿ ತಪ್ಪದೆ ಬಂದರೆ ಪ್ಲಾಸ್ಟಿಕ್ ಒಲೆಗೆ ಬೀಳುವುದಿಲ್ಲ.

ಆದುದರಿಂದ ಸಂಜಯನಗರದ, ಹೆಬ್ಬಾಳದ, ಯಲಹಂಕದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯ ಹಸಿಕಸ ಒಣಕಸಗಳನ್ನು ಇಂದಿನಿಂದಲೇ ಬೇರೆ ಬೇರೆ ಇಡಿ. ಬೆಂಕಿ ಕಂಡರೆ ಕಿಟಕಿ ಮುಚ್ಚಿ ಸುಮ್ಮನಾಗದೆ ಪಾಲಿಕೆಯ 1533 ಸಂಖ್ಯೆಗೆ ದೂರು ಕೊಡಿ. ಊರ ಹೊರಗಿನ ರಾಶಿಯಾದರೆ ಸ್ಥಳ, ದಿನ, ಹೊತ್ತುಗಳನ್ನು ಬರೆದು, ಚಿತ್ರವನ್ನು ಲಗತ್ತಿಸಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಸಲ್ಲಿಸಿ, ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಹೊಂಗೆಯ ಎಲೆ ಉದುರುವ ಕಾಲ ಬರುವುದಕ್ಕೆ ಮುಂಚೆಯೇ ನಿಮ್ಮ ಬಡಾವಣೆಯ ನಿವಾಸಿಗಳ ಸಂಘವು ಒಂದು ಗೊಬ್ಬರದ ಗುಂಡಿಗೆ ಜಾಗವನ್ನು ಗೊತ್ತುಮಾಡಿ, ಅದನ್ನು ಬೀದಿ ಗುಡಿಸುವ ಪೌರಕಾರ್ಮಿಕರಿಗೆ ತೋರಿಸಿಕೊಡಲಿ.