ಕೋವಿಯ ಮದ್ದು: ಅಳೆಯುವುದೋ, ತೂಗುವುದೋ?

ಕನ್ನಡದಲ್ಲಿ ಔಷಧಕ್ಕೂ ಕೋವಿಯ ಸಿಡಿಪುಡಿಗೂ ‘ಮದ್ದು’ ಎಂಬ ಒಂದೇ ಹೆಸರು. ಪ್ರಮಾಣ ತಪ್ಪಿದರೆ ಎರಡೂ ಪ್ರಾಣಕ್ಕೆ ಎರವಾಗಬಲ್ಲವು. 1824ರ ಡಿಸೆಂಬರ್‌ನಲ್ಲಿ ಕಿತ್ತೂರು ಬ್ರಿಟಿಷರ ವಶವಾಗಲು ದ್ರೋಹಿಗಳು ಮದ್ದಿನಲ್ಲಿ ಸಗಣಿ ಬೆರೆಸಿದ್ದೇ ಕಾರಣವೆಂಬ ಮಾತು ಬೆಳಗಾವಿ ಸೀಮೆಯಲ್ಲಿ ಜನಜನಿತ. ಅದು ಇತಿಹಾಸವೋ ದಂತಕಥೆಯೋ, ಅದರೊಳಗಿನ ತಿಳಿವಳಿಕೆ ಮಾತ್ರ ನಿಜ. ಅಳತೆ ಸರಿಯಿದ್ದರೆ ಸಾಲದು, ಅಳೆದ ವಸ್ತುವೂ ಸರಿಯಿರಬೇಕು.

ನಳಿಗೆಯ ಬಾಯಿಯಿಂದ ತುಂಬುವ ಹಳೆಯ ಕೋವಿಗಳಿಗೆ ಬೇಕಾದುದು ಪೆಟ್ಲುಪ್ಪು, ಇದ್ದಿಲು, ಗಂಧಕಗಳಿಂದಾದ ಕಪ್ಪು ಮದ್ದು. ಇದನ್ನು ಚಿಕ್ಕ ಅಳತೆ ಕೊಳವೆಗೆ ಸುರಿದು ಗಾತ್ರದ ಲೆಕ್ಕದಲ್ಲಿ ಅಳೆಯುವುದು ರೂಢಿ. ಉರಿದಾಗ ಇದರ ಸುಮಾರು ಅರ್ಧ ಭಾಗವಷ್ಟೇ ಅನಿಲವಾಗುತ್ತದೆ. ಉಳಿದುದು ದಟ್ಟ ಹೊಗೆ ಮತ್ತು ಮಸಿ. ಆದ್ದರಿಂದ ಅಳತೆಯ ಅಲ್ಪ ಏರುಪೇರನ್ನು ಸುಸ್ಥಿತಿಯ ಕೋವಿ ತಾಳಿಕೊಳ್ಳುತ್ತದೆ.

1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ರೂಪಿಸಿದ ಬಳಿಕ ಲೆಕ್ಕವೇ ಬದಲಾಯಿತು. ಇದು ಬಹುಪಾಲು ಅನಿಲವಾಗಿ ಮಾರ್ಪಟ್ಟು, ಹಲವು ಪಟ್ಟು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಇದರ ಬಗೆಗಳೂ ಹಲವು, ಸಾಂದ್ರತೆಯೂ ಬೇರೆ ಬೇರೆ. ಹೀಗಾಗಿ ಆಧುನಿಕ ತೋಟಾಗಳಿಗೆ ಮದ್ದಿನ ಪ್ರಮಾಣವನ್ನು ತೂಕದಲ್ಲೇ ನಿಗದಿಪಡಿಸಲಾಗುತ್ತದೆ.

ಈ ತೂಕದ ಮಾನ ‘ಗ್ರೇನ್’. 7000 ಗ್ರೇನ್ ಸೇರಿದರೆ ಒಂದು ಪೌಂಡ್; 180 ಗ್ರೇನ್ ಎಂದರೆ ನಮ್ಮ ಒಂದು ತೊಲ. ಒಂದು ಗ್ರೇನ್ ಎಂದರೆ ಅಕ್ಕಸಾಲಿಗರ ಒಂದು ಗುಲಗಂಜಿ ತೂಕದ ಅರ್ಧಕ್ಕಿಂತ ತುಸು ಹೆಚ್ಚು.

ಗೊಂದಲ ಹುಟ್ಟುವುದು ಇಲ್ಲಿಯೇ. ಕಪ್ಪು ಮದ್ದಿನ ಅಳತೆ ಕೊಳವೆಗಳ ಮೇಲೂ ‘ಗ್ರೇನ್’ ಎಂದೇ ಗುರುತಿರುತ್ತದೆ. ಆದರೆ ಅದು ಕಪ್ಪು ಮದ್ದಿಗೆ ಹೊಂದಿಸಿದ ಗಾತ್ರದ ಗುರುತು, ಯಾವುದೇ ಪುಡಿಯ ತೂಕವಲ್ಲ. ಅದೇ ಕೊಳವೆಯಲ್ಲಿ ಹೊಗೆರಹಿತ ಮದ್ದನ್ನು ಅಳೆದು ಹಳೆಯ ಕೋವಿಗೆ ಸುರಿದರೆ ನಳಿಗೆಯೇ ಸಿಡಿದು, ಹಿಡಿದವನ ಕೈ, ಕಣ್ಣು, ಪ್ರಾಣಕ್ಕೆ ಸಂಚಕಾರ ಬರಬಹುದು.

ಇದು ಕೇವಲ ವಸ್ತುಸಂಗ್ರಹಾಲಯದ ಸಂಗತಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಅಂಥ ಕೋವಿ ಇರುವ ಮನೆಯಲ್ಲಿ ಹೆಸರು ತಿಳಿಯದ ಪುಡಿಯನ್ನು ಅಳತೆ ಕೊಳವೆಯ ಹತ್ತಿರಕ್ಕೂ ತರದಿರುವುದೇ ಕ್ಷೇಮ.